ನೈಫ್ ಮನೆಯ ರಾಕೆಟ್ಟು

ದುಬೈಯ ನೈಫಿನ ನಮ್ಮ ಹಳೇ ಮನೆಯಲ್ಲಿ ಜಿನ್ನು ಇತ್ತಂತೆ, ಹೌದಾ ಅಂತ ನನ್ನ ಮೊಮ್ಮಗಳು ಆಗಾಗ ಕೇಳುತ್ತಾಳೆ. ಅವಳಿಗೆ ಯಾರು ಹೇಳಿದರೋ, ನಾನಂತೂ ಅಲ್ಲ. ಜಿನ್ನನ್ನು ನಾನು ಕಂಡವಳಲ್ಲ, ಸುಳ್ಳು ಹೇಳಬಾರದು. ಆ ಮನೆಯಲ್ಲಿ ಇದ್ದದ್ದು ಒಂದು ರಾಕೆಟ್ಟು. ಅಮೆರಿಕದವರು ಉಪಗ್ರಹ ಹಾರಿಸಲಿಕ್ಕೆ ಅಂತ ಮೊದಮೊದಲು ಮಾಡಿದ ವ್ಯಾನ್‌ಗಾರ್ಡ್ ಎಂಬ ರಾಕೆಟ್ಟಿನ ಪ್ಲಾಸ್ಟಿಕ್ ಮಾದರಿ. ಮೊಳದಷ್ಟು ಉದ್ದ, ಬೂದಿ ಬಣ್ಣ. ಶೋಕೇಸಿನಲ್ಲಿ ಚಹಾದ ಸೆಟ್ಟಿಗೂ ಅಲಾರಂ ಗಡಿಯಾರಕ್ಕೂ ನಡುವೆ ನಿಂತಿತ್ತು. ಅದರ ದೆಸೆಯಿಂದ ನನ್ನ ಸೋದರಮಾವ ಹಮೀದ್ ಮಾಮನಿಗೆ ನಮ್ಮ ಮನೆಯೊಳಗೆ ಸಾಯಲಿಕ್ಕೆ ಆಗಲಿಲ್ಲ, ಅವನ ಹೆಂಡತಿ ಮೈಮೂನ ಮಾಮಿಗೆ ಬದುಕಲಿಕ್ಕೆ ಆಗಲಿಲ್ಲ. ಜಿನ್ನು ಇದ್ದಿದ್ದರೂ ಇದಕ್ಕಿಂತ ಹೆಚ್ಚು ಎಂತ ಮಾಡುತ್ತಿತ್ತು?

ಮನೆ ಅಂದರೆ ಎರಡು ಕೋಣೆ, ಒಂದು ಬಾಲ್ಕನಿ. ಕೆಳಗೆ ಉಪ್ಪನ ರೇಡಿಯೋ ರಿಪೇರಿ ಅಂಗಡಿ, ಮೇಲೆ ನಾವು. ಹೊರಗೆ ಸೂಕ್ ಪೇಟೆಯ ಗದ್ದಲ, ಒಳಗೆ ಕಿಟಕಿಯ ಎಸಿಯ ಗದ್ದಲ. ಹಾಗಾಗಿ ನಮ್ಮ ಮನೆಯವರೆಲ್ಲ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುವವರು, ನಾನು ಈಗಲೂ ಹಾಗೇ. ಮಾತು ಬ್ಯಾರಿ ಭಾಷೆಯಲ್ಲಿ, ಅಪ್ಪ ಅಂದರೆ ಉಪ್ಪ, ಅಮ್ಮ ಅಂದರೆ ಉಮ್ಮ. ಇಲ್ಲಿ ಅದನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಯಾಕೆಂದರೆ ಅಕ್ಷರ ಅಂತ ನನಗೆ ಉಮ್ಮ ಕಲಿಸಿದ್ದು ಕನ್ನಡವೇ. ದೊಡ್ಡ ಕೋಣೆಯಲ್ಲಿ ಊಟ, ನಮಾಝು, ನೆಂಟರು, ಟೀವಿ, ನನ್ನ ಹಾಸಿಗೆ ಎಲ್ಲ. ಸಣ್ಣ ಕೋಣೆ ಉಮ್ಮ ಉಪ್ಪನದ್ದು. ಬಾಲ್ಕನಿಗೆ ಪ್ಲೈವುಡ್ ಹೊಡೆದು ಮುಚ್ಚಿ, ಒಂದು ಮಂಚ ಹಿಡಿಸುವಷ್ಟು ಜಾಗ ಮಾಡಿದ್ದರು. ಅದು ಮಾಮ ಮತ್ತು ಮಾಮಿಯದ್ದು. ಮದುವೆಯಾದ ಮೇಲೆ ಹೆಂಡತಿಯನ್ನು ಊರಲ್ಲಿ ಬಿಟ್ಟು ಬರಲಿಕ್ಕೆ ಮಾಮ ಒಪ್ಪಲಿಲ್ಲ. ಉಪ್ಪನ ವೀಸಾಕ್ಕೆ ಜಾಮೀನು ನಿಂತ ಅರಬಿ ಕಫೀಲ ಒಳ್ಳೆಯವನು, ಅವಳ ವೀಸಾ ಹೇಗೋ ಆಯಿತು. ಆಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ ಅಂತ ಕಾಣುತ್ತದೆ. ಅಡುಗೆಮನೆಯಲ್ಲಿ ಪತ್ತಿರಿ ತಟ್ಟುತ್ತಾ ಉಮ್ಮನ ಹಿಂದಿನಿಂದ ಉಮ್ಮನದ್ದೇ ನಡಿಗೆ ಅಣಕಿಸಿ ತೋರಿಸುವಳು, ನಾನು ನಕ್ಕು ಪೆಟ್ಟು ತಿನ್ನುವುದು. ತಪ್ಪು ಅವಳದ್ದು, ಪೆಟ್ಟು ನನಗೆ. ನಮ್ಮ ಮನೆಯ ನ್ಯಾಯವೇ ಹಾಗೆ.

ಮಾಮನಿಗೆ ಲಾಂಚಿನಲ್ಲಿ ಕೆಲಸ. ಕಡಲು ಊರೊಳಗೆ ಚಾಚಿದ ಕ್ರೀಕಿನಲ್ಲಿ ಸಾಲಾಗಿ ಕಟ್ಟಿರುತ್ತಿದ್ದ ಮರದ ಲಾಂಚುಗಳಲ್ಲಿ ಒಂದರ ಎಂಜಿನ್ ನೋಡಿಕೊಳ್ಳುವವನು. ಟಯರು, ಫ್ರಿಜ್ಜು, ಅಕ್ಕಿ ಮೂಟೆ ಹೇರಿಕೊಂಡು ಹೋದರೆ ಬರುವುದು ವಾರಗಳಾದ ಮೇಲೆ. ಬರುವ ದಿನ ನಮ್ಮಲ್ಲಿ ಒಂದು ಕ್ರಮ ಇತ್ತು. ಲಾಂಚು ಇಂದು ಬರುತ್ತದೆ ಅಂತ ಕ್ರೀಕಿನಿಂದ ಯಾರಾದರೂ ಉಪ್ಪನ ಅಂಗಡಿಗೆ ಸುದ್ದಿ ಮುಟ್ಟಿಸುವರು. ಆಗ ಉಮ್ಮ ಬಂಗುಡೆ ಸಾರಿಗೆ ಇಡುವುದು, ಮಾಮಿಯನ್ನು ಮಣೆಯ ಮೇಲೆ ಕೂರಿಸಿ ತಲೆ ಬಾಚಿ, ಮಲ್ಲಿಗೆ ಮುಡಿಸಿ, ಕಣ್ಣಿಗೆ ಸುರ್ಮಾ ಹಚ್ಚಿ, ಕೈತುಂಬ ಗಾಜಿನ ಬಳೆ ತೊಡಿಸುವುದು. ‘ಸಮುದ್ರದಿಂದ ಬರುವವನ ಕಣ್ಣಿಗೆ ಮನೆಯಲ್ಲಿ ಬಣ್ಣ ಕಾಣಬೇಕು’ ಅನ್ನುವಳು ಉಮ್ಮ. ಅವಳ ತಾಯಿಯೂ ಹಾಗೆ ಮಾಡುತ್ತಿದ್ದಳಂತೆ. ಅವರ ಮನೆಯ ಗಂಡಸರೆಲ್ಲ ಕಡಲಿಗೆ ಹೋಗುವವರೇ.

ರಾಕೆಟ್ಟು ಬಂದದ್ದು ಹೀಗೆ. ದೇಶ ಬಿಟ್ಟು ಹೋದ ಯಾರೋ ಅಮೆರಿಕನ್ನನ ಮನೆಯ ಸಾಮಾನು ನೈಫಿನ ಹಳೇ ಸಾಮಾನಿನ ಅಂಗಡಿಗೆ ಬಂದಿತ್ತು. ಅದರೊಳಗೆ ಒಂದು ಡಬ್ಬಿ, ಡಬ್ಬಿಯೊಳಗೆ ಬಿಡಿ ಬಿಡಿ ತುಂಡುಗಳು. ಮಾಮ ಅದನ್ನು ಹೊತ್ತುಕೊಂಡು ಬಂದ. ಡಬ್ಬಿಯ ಮೇಲಿನ ಇಂಗ್ಲಿಷ್ ಉಪ್ಪ ಓದುವುದು, ಮಾಮ ಅಂಟಿಸುವುದು. ಎಂಜಿನ್ ಬಿಚ್ಚಿ ಕಟ್ಟುವ ಅವನ ದಪ್ಪ ಬೆರಳಿಗೆ ಆ ಸಣ್ಣ ತುಂಡುಗಳು ಸಿಕ್ಕುತ್ತಲೇ ಇರಲಿಲ್ಲ, ಕೊನೆಗೆ ಮಾಮಿಯ ಹೇರ್‌ಪಿನ್ನಿನಿಂದ ಹಿಡಿದು ಕೂರಿಸಿದ. ಮುಗಿದ ಮೇಲೆ ನೋಡಿದರೆ ಸಪೂರ, ಒಂದು ರೆಕ್ಕೆ ಕೂಡ ಇಲ್ಲ. ‘ಇದೆಂತ ರಾಕೆಟ್ಟಾ, ಪೆನ್ಸಿಲಾ?’ ಅಂತ ಉಮ್ಮ ನಕ್ಕಳು. ಮಾಮನಿಗೆ ಸಿಟ್ಟು ಬಂತು. ಊಟದ ಸುಪ್ರ ಹಾಸಿ ನಾವೆಲ್ಲ ಸುತ್ತ ಕೂತಿರುವಾಗ ಅದನ್ನು ಕೈಯಲ್ಲಿ ಹಿಡಿದು ಹಾರಿಸಿ ತೋರಿಸಿದ. ಅದಕ್ಕೆ ಮೂರು ಹಂತ. ಕೆಳಗಿನದ್ದನ್ನು ಕಿತ್ತು ಅನ್ನದ ಬಸಿಯ ಹತ್ತಿರ ಇಟ್ಟ.

‘ಇದರ ಎಣ್ಣೆ ಮುಗಿಯಿತು. ಇದು ಸಮುದ್ರಕ್ಕೆ.’

ಎರಡನೆಯದನ್ನು ಕಿತ್ತ.

‘ಇದೂ ಸಮುದ್ರಕ್ಕೆ.’

‘ಉಣ್ಣುವ ಹೊತ್ತಿಗೆ ಸಮುದ್ರಕ್ಕೆ ಬೀಳುವ ಮಾತು ಬೇಡ, ಹಮೀದ್,’ ಅಂದಳು ಉಮ್ಮ.

‘ಅದು ಇರುವುದೇ ಬೀಳಲಿಕ್ಕೆ, ಅಕ್ಕ. ಒಮ್ಮೆ ಹಾರಿಸುವುದು, ಖಲಾಸ್. ತಿರುಗಿ ತರುವ ಸಂಗತಿಯೇ ಇಲ್ಲ. ಮೇಲೆ ಮುಟ್ಟಬೇಕಾದದ್ದು ಈ ಚೆಂಡು ಮಾತ್ರ.’

ಮೂತಿಯ ಒಳಗೆ ಕಡಲೆಕಾಳಿನಷ್ಟು ದೊಡ್ಡ ಚೆಂಡು ಇತ್ತು, ಅದೇ ಉಪಗ್ರಹ. ನಿಜವಾದದ್ದು ಸಣ್ಣ ಚಕ್ಕೋತದಷ್ಟು ಇರುತ್ತದೆ ಅಂತ ಉಪ್ಪ ಹೇಳಿದರು. ರೇಡಿಯೋದವರಲ್ಲವಾ, ಅವರಿಗೆ ಆ ಕತೆ ಬಾಯಿಪಾಠ. ಮೊದಲ ಸಲ ಹಾರಿಸಿದಾಗ ಇಡೀ ಅಮೆರಿಕ ನೋಡುತ್ತಿತ್ತಂತೆ. ರಾಕೆಟ್ಟು ಒಂದಾಳು ಎತ್ತರ ಕೂಡ ಏಳಲಿಲ್ಲ, ಅಲ್ಲೇ ಕುಸಿದು ಬೆಂಕಿಯಾಯಿತು. ಮೂತಿಯಲ್ಲಿದ್ದ ಚೆಂಡು ಮಾತ್ರ ಸಿಡಿದು ಹೊರಗೆ ಬಿದ್ದು, ಅಲ್ಲಿ ನೆಲದಲ್ಲೇ ಕೂತು ಬೀಪ್ ಬೀಪ್ ಅಂತ ಕರೆಯುತ್ತಾ ಇತ್ತಂತೆ, ತಾನು ಆಕಾಶಕ್ಕೆ ಮುಟ್ಟಿದ್ದೇನೆ ಅಂದುಕೊಂಡು. ನಾವೆಲ್ಲ ನಕ್ಕೆವು. ಮಾಮಿ ಒಬ್ಬಳು ನಗಲಿಲ್ಲ. ‘ಅಯ್ಯೋ ಪಾಪ, ಯಾರೂ ಹೋಗಿ ಎತ್ತಿಕೊಳ್ಳಲಿಲ್ವಾ?’ ಅಂತ ಕೇಳಿದಳು. ಕೆಲವು ತಿಂಗಳು ಕಳೆದು ಇನ್ನೊಂದು ವ್ಯಾನ್‌ಗಾರ್ಡ್ ಸರಿಯಾಗಿ ಹಾರಿ, ಇನ್ನೊಂದು ಚೆಂಡನ್ನು ಮೇಲೆ ಬಿಟ್ಟಿತು ಅಂತ ಉಪ್ಪ ಸಮಾಧಾನ ಮಾಡಿದರು.

ಅದಾಗಿ ಮುಂದಿನ ಶಮಾಲ್ ಗಾಳಿಗೆ ಮಾಮನ ಲಾಂಚು ಮುಳುಗಿತು. ಹೋದವರಲ್ಲಿ ಒಬ್ಬ ಬಲೂಚಿ ಖಲಾಸಿ ಮಾತ್ರ ಡ್ರಮ್ಮು ತಬ್ಬಿಕೊಂಡು ಬದುಕಿ ಬಂದ. ನಮ್ಮ ದೊಡ್ಡ ಕೋಣೆಯಲ್ಲಿ ಕೂತು, ತಲೆ ಎತ್ತದೆ, ಮುರುಕು ಹಿಂದಿಯಲ್ಲಿ ಹೇಳಿದ. ಹಮೀದ್ ಸ್ವಲ್ಪ ಹೊತ್ತು ನೀರಿನಲ್ಲಿ ಕೂಗುತ್ತಿದ್ದ, ಆಮೇಲೆ ದನಿ ಕೇಳಲಿಲ್ಲ. ಉಮ್ಮ ಬಾಗಿಲಿನ ಹಿಂದಿನಿಂದಲೇ ಕೇಳಿದಳು.

‘ದನಿ ಕೇಳಲಿಲ್ಲ ಅಂದೆ. ಸತ್ತದ್ದನ್ನು ಕಂಡೆಯಾ?’

ಅವನು ಇಲ್ಲ ಅಂದ. ಪಾಪ, ನಿಜ ಹೇಳುವವನು ಇನ್ನೆಂತ ಹೇಳಬೇಕು? ಆ ಒಂದು ‘ಇಲ್ಲ’ ಉಮ್ಮನ ಕೈಗೆ ಸಿಕ್ಕಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ; ನಮ್ಮಲ್ಲಿ ಮುಳುಗಿದ್ದು ತಮ್ಮ, ಹುಲ್ಲುಕಡ್ಡಿ ಹಿಡಿದದ್ದು ಅಕ್ಕ. ದಿನಗಟ್ಟಲೆ ಅವಳು ಅನ್ನ ಮುಟ್ಟಲಿಲ್ಲ. ಮೈಯೆಲ್ಲ ಒಣಗಿ, ಎದ್ದು ನಿಂತರೆ ಬೀಳುವ ಹಾಗಾದಾಗ ಉಪ್ಪ ಹೆದರಿದರು. ಗಂಜಿಯ ಬಟ್ಟಲು ಹಿಡಿದುಕೊಂಡು ಅವಳ ಪಕ್ಕ ಕೂತು, ಬೇರೆ ಮಾತು ತೋಚದೆ, ಶೋಕೇಸಿನ ಕಡೆ ಕೈ ತೋರಿಸಿದರು.

‘ಆ ಚೆಂಡು ಉಂಟಲ್ಲ, ಅದು ಮಾತಾಡುವುದು ನಿಲ್ಲಿಸಿ ಎಷ್ಟೋ ವರ್ಷ ಆಯಿತು. ದನಿ ಇಲ್ಲ ಅಂತ ಬಿದ್ದು ಹೋಯಿತಾ? ಈಗಲೂ ನಮ್ಮ ತಲೆಯ ಮೇಲೆ ಸುತ್ತುತ್ತಾ ಉಂಟು. ದೇವರು ಬೇಕೆಂದರೆ ಏನು ಬೇಕಾದರೂ ಆಗುತ್ತದೆ. ನೀನು ಎರಡು ತುತ್ತು ಉಣ್ಣು.’

ಉಮ್ಮ ಉಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಬಟ್ಟಲು ಗಂಜಿ ಕುಡಿಸಲಿಕ್ಕೆ ಅಂತ ಉಪ್ಪ ಆಡಿದ ಮಾತು ಮನೆಯಲ್ಲಿ ಕಾನೂನಾಯಿತು. ಮಾರನೇ ದಿನದಿಂದ ಮಾಮನ ಬಸಿಯಲ್ಲಿ ಅನ್ನ ಹಾಕಿ ಮುಚ್ಚಿಡುವುದು ಶುರುವಾಯಿತು. ಅವನ ಚಪ್ಪಲಿ ಬಾಗಿಲ ಬಳಿ, ಶೇವಿಂಗ್ ಬ್ರಷ್ಷು ಬಚ್ಚಲಲ್ಲಿ. ಬ್ರಷ್ಷಿನ ಕೂದಲು ಒಣಗಿ ಗಟ್ಟಿಯಾಗುತ್ತದೆ ಅಂತ ಉಮ್ಮ ಅದನ್ನು ಆಗಾಗ ಒದ್ದೆ ಮಾಡಿ ಇಡುವಳು. ಬೆಳಿಗ್ಗೆ ಹಲ್ಲುಜ್ಜಲಿಕ್ಕೆ ಹೋದರೆ ಬ್ರಷ್ಷಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಈಗಷ್ಟೇ ಯಾರೋ ಗಡ್ಡ ಬೋಳಿಸಿ ಹೋದ ಹಾಗೆ. ನನಗೆ ಜೀವ ಹಾರಿಹೋಗುತ್ತಿತ್ತು. ಯಾರ ಹತ್ತಿರ ಹೇಳುವುದು? ನೆಂಟರು ಯಾರಾದರೂ ಬಾಯಿತಪ್ಪಿ ‘ಹಮೀದ್ ಒಳ್ಳೆಯವನಾಗಿದ್ದ’ ಅಂದರೆ ಉಮ್ಮ ಚಹಾದ ಲೋಟ ಅಲ್ಲೇ ಕುಕ್ಕಿ, ‘ಆಗಿದ್ದ ಅಲ್ಲ, ಒಳ್ಳೆಯವನೇ’ ಅನ್ನುವಳು. ಬರುಬರುತ್ತಾ ನೆಂಟರು ಬರುವುದನ್ನೇ ಬಿಟ್ಟರು.

ಇದಕ್ಕೆಲ್ಲ ನಾನು ಒಗ್ಗಿಕೊಂಡೆ ಅಂತಲೇ ಇಟ್ಟುಕೊಳ್ಳಿ. ಒಗ್ಗಲಿಕ್ಕೆ ಆಗದ್ದು ಒಂದು ಇತ್ತು. ಮಾಮ ಹೋದ ದಿಕ್ಕಿನಿಂದ ಯಾವುದೇ ಲಾಂಚು ಕ್ರೀಕಿಗೆ ಬರುವ ಸುದ್ದಿ ಸಿಕ್ಕಿದರೆ ಸಾಕು, ಉಮ್ಮ ಮಾಮಿಯನ್ನು ಕರೆದು ಮಣೆಯ ಮೇಲೆ ಕೂರಿಸುವಳು. ಮಲ್ಲಿಗೆ, ಸುರ್ಮಾ, ಬಳೆ. ಯಾರಾದರೂ ಅವನನ್ನು ಎಲ್ಲಿಂದಲೋ ಎತ್ತಿಕೊಂಡು ಬಂದಿರಬಹುದಲ್ಲ. ಮಾಮಿ ತಲೆ ಕೊಟ್ಟು ಕೂರುವಳು. ಅಲಂಕಾರ ಮುಗಿದ ಮೇಲೆ ಬಾಲ್ಕನಿಯ ಮಂಚದ ತುದಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕಾಯುವುದು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಬಳೆ ಅಲುಗುವ ಸದ್ದು ಕೇಳುತ್ತಿತ್ತು, ಹೆಜ್ಜೆ ಮುಂದಿನ ಮನೆಗೆ ಹೋದರೆ ಅದೂ ನಿಲ್ಲುತ್ತಿತ್ತು. ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆ ಒಂದೊಂದೇ ಬಳೆ ತೆಗೆದು ಡಬ್ಬಿಗೆ ಹಾಕುವಳು. ಹೀಗೆ ವರ್ಷಗಳು ಹೋದವು. ಉಮ್ಮನ ನಡಿಗೆ ಅಣಕಿಸುವ ಹುಡುಗಿ ಅವಳೊಳಗೆ ಎಲ್ಲಿ ಹೋದಳೋ, ಕಾಣೆಯಾದದ್ದು ಮಾಮ ಒಬ್ಬನೇ ಅಲ್ಲ.

ಮಾಮಿಯ ಅಣ್ಣ ಇಸ್ಮಾಯಿಲ್ ರುವೈಸಿನ ರಿಫೈನರಿಯಲ್ಲಿ ಟೆಕ್ನಿಶಿಯನ್ನು. ಅಷ್ಟು ದೂರದಿಂದ ಶುಕ್ರವಾರ ಬಂದು, ಉಂಡು, ತಂಗಿಯ ಮುಖ ನೋಡಿ, ಏನೂ ಹೇಳಲಾರದೆ ಹೋಗುವವರು. ಒಂದು ಶುಕ್ರವಾರ ಹೇಳಿದರು. ಅವರ ಜೊತೆ ಕೆಲಸ ಮಾಡುವ ಒಬ್ಬರು, ಬಂಟ್ವಾಳದ ಕಡೆಯವರು, ಹೆಂಡತಿ ತೀರಿದವರು, ಮೈಮೂನಳನ್ನು ಕೇಳುತ್ತಿದ್ದಾರೆ. ಊರಿನ ಖಾಝಿಯವರ ಹತ್ತಿರವೂ ವಿಚಾರಿಸಿ ಆಗಿದೆ. ಲಾಂಚು ಮುಳುಗಿದ್ದಕ್ಕೆ ಸಾಕ್ಷಿ ಉಂಟು, ಕಾಯಬೇಕಾದಷ್ಟು ಕಾಲವೂ ಕಾದಾಯಿತು, ಅವಳು ಇದ್ದತ್‌ಗೆ ಕೂರಬಹುದು ಅಂದಿದ್ದಾರೆ. ಗಂಡ ತೀರಿದ ಹೆಂಗಸು ಬಿಳಿ ಉಟ್ಟು ನಾಲ್ಕು ತಿಂಗಳು ಹತ್ತು ದಿನ ಒಳಗೆ ಕೂರುವುದೇ ಇದ್ದತ್. ಅದು ಮುಗಿದರೆ ಅವಳಿಗೆ ಮತ್ತೆ ಮದುವೆಯ ದಾರಿ ತೆರೆಯುತ್ತದೆ.

‘ಬದುಕಿರುವವನ ಹೆಸರಲ್ಲಿ ಬಿಳಿ ಉಡಿಸುತ್ತೀರಾ?’ ಉಮ್ಮ ಎದ್ದು ನಿಂತಳು. ‘ನೀರು ಕೊಲ್ಲಲಿಲ್ಲ ನನ್ನ ತಮ್ಮನನ್ನು, ನೀವು ಕೂತು ಕೊಲ್ಲಿ!’

‘ಅಕ್ಕ, ಅವಳ ವಯಸ್ಸು ನೋಡಿ.’

‘ವಯಸ್ಸಂತೆ! ಅಲ್ಲಿ ಮೇಲೆ ಆ ಚೆಂಡಿನ ಜೊತೆ ಇನ್ನೊಂದು ಸುತ್ತುತ್ತಾ ಉಂಟು, ಗೊತ್ತುಂಟಾ? ಕೇಳಿ ಬೇಕಾದರೆ ಇವರ ಹತ್ತಿರ. ಕೊನೆಗೆ ತಳ್ಳಿಕೊಟ್ಟ ಹಂತ. ಹೊಟ್ಟೆಯಲ್ಲಿ ಎಣ್ಣೆಯಿಲ್ಲ, ಮದ್ದಿಲ್ಲ, ಆದರೂ ಬಿಟ್ಟು ಬರಲಿಲ್ಲ. ಒಂದು ಖಾಲಿ ಕೊಳವೆಗೆ ಇರುವ ನಿಯತ್ತು ಹೆಂಡತಿಗೆ ಬೇಡವಾ?’

ಅದೂ ಉಪ್ಪನೇ ಎಂದೋ ಹೇಳಿದ್ದು. ಮೊದಲ ಎರಡು ಹಂತ ಸಮುದ್ರಕ್ಕೆ ಬಿದ್ದವು, ಕೊನೆಯದು ಮಾತ್ರ ಚೆಂಡಿನ ಜೊತೆಗೇ ಮೇಲೆ ಉಳಿಯಿತು ಅಂತ. ಉಪ್ಪ ನೆಲ ನೋಡುತ್ತಾ ಕೂತರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಸ್ಮಾಯಿಲ್ ಊಟ ಮಾಡದೆ ಹೋದರು. ನಮ್ಮ ಮನೆಯಿಂದ ಯಾರಾದರೂ ಉಣ್ಣದೆ ಹೋದದ್ದು ನಾನು ಕಂಡದ್ದು ಅದೇ ಮೊದಲು.

ಕೆಲವು ದಿನ ಕಳೆದು ಮತ್ತೆ ಲಾಂಚು ಬರುವ ಸುದ್ದಿ ಬಂತು. ಮಧ್ಯಾಹ್ನ ಊಟವಾಗಿ ಉಪ್ಪ ಅಂಗಡಿ ಮುಚ್ಚಿ ಮಲಗುವ ಹೊತ್ತು. ಮಾಮಿಯ ಅಲಂಕಾರ ಆಗಿತ್ತು. ಅವಳು ಮಂಚಕ್ಕೆ ಹೋಗಲಿಲ್ಲ. ಸೀದಾ ಶೋಕೇಸಿನ ಗಾಜು ಸರಿಸಿ, ರಾಕೆಟ್ಟು ತೆಗೆದು, ಉಪ್ಪನ ಮುಂದೆ ನೆಲಕ್ಕೆ ಇಟ್ಟು ಕೂತಳು. ಮಾಮ ಹೋದ ಮೇಲೆ ಉಮ್ಮನಲ್ಲದೆ ಇನ್ನೊಬ್ಬರು ಅದನ್ನು ಮುಟ್ಟಿರಲಿಲ್ಲ. ಉಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು.

‘ಭಾವ, ಒಂದು ಕೇಳುತ್ತೇನೆ, ಸರಿಯಾಗಿ ಹೇಳಬೇಕು. ಆ ಚೆಂಡು ಇನ್ನೂ ಸುತ್ತುತ್ತಾ ಉಂಟು. ನಿಜವಾ?’

‘ನಿಜ.’

‘ಎಷ್ಟು ಕಾಲ?’

‘ನೂರಾರು ವರ್ಷ ಅನ್ನುತ್ತಾರೆ, ಮೈಮೂನಾ.’

‘ಹಾರಿಸಿದವರ ಹತ್ತಿರ ಒಮ್ಮೆಯಾದರೂ ಇಳಿದು ಬರುತ್ತದಾ?’

ಉಪ್ಪ ಉಮ್ಮನ ಮುಖ ನೋಡಿದರು. ಆಮೇಲೆ ನೋಡಲಿಲ್ಲ.

‘ಇಲ್ಲ. ಯಾವ ಕಾಲಕ್ಕಾದರೂ ಕೆಳಗೆ ಇಳಿದರೂ ದಾರಿಯಲ್ಲೇ ಉರಿದುಹೋಗುತ್ತದೆ. ಅದು ಬರಲಿಕ್ಕೆ ಅಂತ ಹೋದದ್ದಲ್ಲ.’

‘ಅಮೆರಿಕದಲ್ಲಿ ಯಾರಾದರೂ ಅದು ಬರುತ್ತದೆ ಅಂತ ಬಾಗಿಲು ತೆರೆದು ಕೂತಿದ್ದಾರಾ?’

‘ಇಲ್ಲಮ್ಮ. ಎಲ್ಲಿ ಉಂಟು ಅಂತ ನೋಡುತ್ತಾ ಇರುತ್ತಾರೆ, ಅಷ್ಟೇ. ಯಾರೂ ಕಾಯುವುದಿಲ್ಲ.’

ಮಾಮಿ ಉಮ್ಮನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. ಎಸಿಯ ಸದ್ದಿನಲ್ಲೂ ಪ್ರತಿ ಮಾತು ಕೇಳುತ್ತಿತ್ತು.

‘ಅತ್ತಿಗೆ, ಅವರು ಸತ್ತರು ಅಂತ ನಾನು ಹೇಳುವುದಿಲ್ಲ. ನಿಮ್ಮ ಬಾಯಿಂದ ಹೇಳಿಸುವುದೂ ಇಲ್ಲ. ಸುತ್ತುತ್ತಾ ಇರಲಿ. ಆದರೆ ಇಳಿದು ಬರುವುದಿಲ್ಲ. ಇದು ನನಗೆ ಸಾಕು. ಮತ್ತೆ ನೀವು ಆವತ್ತು ಖಾಲಿ ಕೊಳವೆ ಅಂದಿರಲ್ಲ, ನಾನು ಇನ್ನೂ ಖಾಲಿ ಆಗಲಿಲ್ಲ, ಅತ್ತಿಗೆ. ನನಗೆ ಹಸಿವಾಗುತ್ತದೆ. ನಗು ಬರುತ್ತದೆ, ಹೆದರಿ ನುಂಗುತ್ತೇನೆ. ಮಕ್ಕಳನ್ನು ಕಂಡರೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ.’

ಅಷ್ಟು ಹೇಳಿ ಬಳೆ ತೆಗೆಯಲಿಕ್ಕೆ ಶುರು ಮಾಡಿದಳು. ಬಾಂಗ್ ಆಗಲಿಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು. ಉಮ್ಮ ತಡೆಯಲಿಲ್ಲ, ಬೈಯಲಿಲ್ಲ. ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಪ್ಪ ಬಾಗಿಲ ಹೊರಗೆ ನಿಂತು, ‘ನಿನ್ನ ಹೊಟ್ಟೆಗೆ ಏನಾದರೂ ಇಳಿಯಲಿ ಅಂತ ಅವತ್ತು ಹಾಗೆ ಹೇಳಿದ್ದು, ಮಾರಾಯ್ತಿ,’ ಅಂತ ಎಷ್ಟು ಸಲ ಅಂದರೋ. ಒಳಗಿನಿಂದ ಬಂದ ಉತ್ತರ ನನಗೆ ಇಂದಿಗೂ ಮರೆಯಲಿಕ್ಕೆ ಆಗುವುದಿಲ್ಲ. ‘ಇಳಿಯಿತಲ್ಲ. ಇಷ್ಟು ವರ್ಷ ಅದರಿಂದಲೇ ಇಳಿಯಿತು. ಇನ್ನು ಎಂತದ್ದರಿಂದ ಇಳಿಯಬೇಕು, ಅದನ್ನೂ ನೀವೇ ಹೇಳಿ.’

ಮಾಮಿ ಬಿಳಿ ಉಟ್ಟು ಬಾಲ್ಕನಿಯ ಕೋಣೆಯಲ್ಲಿ ಇದ್ದತ್‌ಗೆ ಕೂತಳು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ದೇಶ. ಪ್ಲೈವುಡ್ಡಿನ ಆಚೆ ಮಾಮ ಇಲ್ಲದವನು, ಈಚೆ ಇನ್ನೂ ಬರಬೇಕಾದವನು. ನಾನು ಒಳಗೆ ಹೋದರೆ ತೀರಿದವನ ಹೆಸರಲ್ಲಿ ದುಆ, ಹೊರಗೆ ಬಂದರೆ ಅವನ ಚಪ್ಪಲಿಯ ಧೂಳು ಒರೆಸುವ ಉಮ್ಮ. ಒಂದು ಪ್ಲೈವುಡ್ಡಿನ ಹಲಗೆ ದಾಟುವುದರೊಳಗೆ ನನ್ನ ಮಾಮ ಸತ್ತು ಹುಟ್ಟಿ ಸತ್ತು ಹುಟ್ಟಿ ಆಗುತ್ತಿದ್ದ. ಯಾರಾದರೂ ‘ಈಗ ಬಂದೆ’ ಅಂತ ಹೇಳಿ ಹೋಗಿ ತಡ ಮಾಡಿದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಬರುವುದಿಲ್ಲ ಅಂತಾದರೆ ಬರುವುದಿಲ್ಲ ಅಂತ ಹೇಳಿ ಹೋಗಿ, ಸುಮ್ಮನೆ ಬಾಗಿಲು ನೋಡಿಸಬೇಡಿ. ನನ್ನ ಗಂಡನೂ ಮಕ್ಕಳೂ ಇದಕ್ಕೆ ನನ್ನನ್ನು ಎಷ್ಟು ತಮಾಷೆ ಮಾಡಿದ್ದಾರೆ! ಮಾಡಲಿ. ಅವರು ಆ ಮನೆಯಲ್ಲಿ ಬೆಳೆದವರಲ್ಲ.

ಉಮ್ಮ ಮಾಮಿಯ ಹತ್ತಿರ ಮಾತು ಬಿಟ್ಟಿದ್ದಳು, ಗಂಜಿ ಬಿಟ್ಟಿರಲಿಲ್ಲ. ಬಿಸಿ ಗಂಜಿ, ಚಟ್ನಿ, ಒಂದು ಹುರಿದ ಮೀನು ಬಾಲ್ಕನಿಯ ಬಾಗಿಲ ಬಳಿ ಇಟ್ಟು, ನನ್ನ ಹೆಸರು ಕೂಗಿ ಹೋಗುವಳು. ಮೀನಿನ ದೊಡ್ಡ ತುಂಡು ಯಾವಾಗಲೂ ಒಳಗೇ ಹೋಗುತ್ತಿತ್ತು. ನಾನು ಅದನ್ನು ಗಮನಿಸಿದ್ದೆ, ಮಾಮಿಯೂ ಗಮನಿಸಿದ್ದಳು.

ನಾನೀಗ ಇರುವುದು ಅಬುಧಾಬಿಯ ಖಾಲಿದಿಯಾದಲ್ಲಿ, ಮಗನ ಫ್ಲ್ಯಾಟಿನಲ್ಲಿ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಆಕಾಶದ ನಕ್ಷೆ ತೋರಿಸಿದಳು. ಸಾವಿರಾರು ಚುಕ್ಕೆಗಳು, ಪ್ರತಿ ಚುಕ್ಕೆಗೂ ಹೆಸರು. ನಾನು ವ್ಯಾನ್‌ಗಾರ್ಡ್ ಹುಡುಕಿಸಿದೆ. ಸಿಕ್ಕಿತು. ಮನುಷ್ಯ ಮೇಲೆ ಬಿಟ್ಟದ್ದರಲ್ಲಿ ಈಗ ಅಲ್ಲಿ ಉಳಿದಿರುವ ಎಲ್ಲಕ್ಕಿಂತ ಹಳೆಯದು ಅದೇ ಅಂತೆ. ಓಮಾನಿನ ಮೇಲಿಂದ ಅರಬೀ ಸಮುದ್ರಕ್ಕೆ ಇಳಿಯುತ್ತಿತ್ತು. ‘ಇಟ್ಸ್ ಡೆಡ್, ಉಮ್ಮುಮ್ಮಾ,’ ಅಂದಳು ಹುಡುಗಿ, ‘ಇಟ್ ಜಸ್ಟ್ ಗೋಸ್ ರೌಂಡ್.’ ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನಮ್ಮ ಮನೆಯಲ್ಲಿ ಅಷ್ಟು ಹೇಳಲಿಕ್ಕೆ ಒಬ್ಬಳ ಅರ್ಧ ಹರೆಯ ಬೇಕಾಯಿತು. ನನಗೆ ಅಳು ಬಂತು, ಸಿಟ್ಟೂ ಬಂತು, ಫೋನು ಒಳಗಿಡು ಅಂತ ಗದರಿಸಿದೆ.

ಇದ್ದತ್ ಮುಗಿದ ಶುಕ್ರವಾರ ಇಸ್ಮಾಯಿಲ್ ಪಿಕಪ್ ತಂದು ಕೆಳಗೆ ನಿಲ್ಲಿಸಿದರು. ನಿಕಾಹ್ ರುವೈಸಿನಲ್ಲಿ, ಅವರ ಮನೆಯಲ್ಲೇ. ಮಾಮಿ ಸ್ನಾನ ಮಾಡಿ, ಬಿಳಿ ಬಿಟ್ಟು, ನೀಲಿ ಉಟ್ಟಿದ್ದಳು. ಒಂದು ಸೂಟ್‌ಕೇಸು, ಒಂದು ಕೈಚೀಲ. ಉಪ್ಪ ಸೂಟ್‌ಕೇಸು ಹಿಡಿದು ಕೆಳಗೆ ಇಳಿದರು, ಕಣ್ಣು ಒರೆಸಿಕೊಳ್ಳುವುದು ನಮಗೆ ಕಾಣಬಾರದು ಅಂತ ಬೇಗ ಬೇಗ. ಮಾಮಿ ನನ್ನನ್ನು ಅಪ್ಪಿಕೊಂಡು ಬಿಟ್ಟಳು. ಆಮೇಲೆ ಅಡುಗೆಮನೆಯ ಕಡೆ ನೋಡಿದಳು. ಒಳಗೆ ಉಮ್ಮ ಪಾತ್ರೆ ತೊಳೆಯುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

‘ಅತ್ತಿಗೆ, ನಾನು ಹೊರಟೆ.’

ನೀರು ನಿಂತಿತು. ಉಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಎಷ್ಟೋ ತಿಂಗಳ ಮೇಲೆ ಅವಳು ಮಾಮಿಯ ಮುಖವನ್ನು ನೇರ ನೋಡಿದ್ದು ಆವತ್ತು. ಬೈಯುತ್ತಾಳೆ ಅಂತ ನಾನು ಹೆದರಿ ಗೋಡೆಗೆ ಒರಗಿದೆ. ಅವಳು ಬೈಯಲಿಲ್ಲ. ಉತ್ತರ ಗೊತ್ತಿಲ್ಲದವರು ಕೇಳುವ ಹಾಗೆ, ನಿಜವಾಗಿಯೇ ಕೇಳಿದಳು.

‘ಅವನು ಬಂದರೆ ನಾನು ಏನು ಹೇಳಲಿ, ಮೈಮೂನಾ?’

ಮಾಮಿ ಬಾಗಿಲ ಹತ್ತಿರ ನಿಂತಳು. ಕೈಚೀಲವನ್ನು ಕೆಳಗಿಟ್ಟು ವಾಪಸು ಬಂದು ಉಮ್ಮನ ಒದ್ದೆ ಕೈ ಎರಡನ್ನೂ ಹಿಡಿದುಕೊಂಡಳು.

‘ಕಾದಿದ್ದಳು ಅಂತ ಹೇಳಿ, ಅತ್ತಿಗೆ. ತುಂಬ ಕಾದಿದ್ದಳು ಅಂತ ಹೇಳಿ.’

‘ಹೇಳುತ್ತೇನೆ,’ ಅಂದಳು ಉಮ್ಮ. ‘ನೀನು ಇನ್ನು ಹೋಗು.’